ಕನ್ನಡದ ಪುಟವನ್ನು ತೆರೆದು ನೋಡಿದವರು ಯಾರು?

ಕಳೆದ ವರ್ಷ ದೀಪಾವಳಿಗೆ ಇನ್ನೂ ವಾರವಿರುವಾಗ ಚಿಗವ್ವ ವಾಟ್ಸ್‌ಆ್ಯಪ್‌ನಲ್ಲಿ ಮೂರು ಫೋಟೊ ಕಳಿಸಿದ್ದಳು. ರಾಣೆಬೆನ್ನೂರು ಕಡೆಯ ಹಳ್ಳಿಯಲ್ಲಿರುವ ಆಕೆ ಎಮ್ಮೆ ಕೊಳ್ಳಲು ಸಾಲಕ್ಕೆ ಅರ್ಜಿ ಹಾಕಿದ್ದಳು. ಸಾಲ ಕೊಡುವ ಸಂಸ್ಥೆಯವರು ಸಹಿ ಹಾಕಿಸಿಕೊಳ್ಳುವ ಮುಂಚೆ ಕೊಟ್ಟ ಕಾಗದದ ಫೋಟೊಗಳು ಅವು. ಜೊತೆಗೆ ಒಂದು ವಾಯ್ಸ್ ಮೆಸೇಜು: ‘ತಮ್ಮಾ, ಇದನ್ನ ಒಂದೀಟು ಓದಿ ಹೇಳಪಾ. ಅಕ್ಷರಾನ ಗೊತ್ತಾಗವಲ್ವು. ನನ್ನ ಕಣ್ಣ ಮಂಜಾಗ್ಯಾವೋ ಏನೋ.’

ಚಿಗವ್ವ ಏಳನೇ ಇಯತ್ತೆಯವರೆಗೆ ಓದಿದವಳು. ದಿನಾ ಪೇಪರ್ ಓದುತ್ತಾಳೆ. ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ಅವಳ ಕೈಯಲ್ಲೇ ಇದೆ. ಅವಳಿಗೆ ಓದಲು ಬಾರದ ಕನ್ನಡ ಯಾವುದು ಎಂದು ಫೋಟೊ ದೊಡ್ಡದು ಮಾಡಿ ನೋಡಿದೆ. ಕಣ್ಣಿನದೇನೂ ತಪ್ಪಿರಲಿಲ್ಲ. ‘ಬಡ್ಡಿ’ ಎನ್ನುವಲ್ಲಿ ಡ ಅಕ್ಷರದ ಪಕ್ಕ ಒಂದು ಬಿಡಿ ಕೊಕ್ಕೆ, ಆಮೇಲೆ ಇನ್ನೊಂದು ಪೂರ್ತಿ ಡ, ಅದರ ತಲಕಟ್ಟು ಹಾಗೇ ಇದ್ದು ಪಕ್ಕದಲ್ಲಿ ಅನಾಥವಾಗಿ ನಿಂತ ಗುಡಿಸು. ‘ವಾರ್ಷಿಕ’ದ ಅರ್ಕಾವತ್ತು ಇರಲೇ ಇಲ್ಲ, ರ ಮತ್ತು ಷ ಅಕ್ಕಪಕ್ಕ ಬಿದ್ದಿದ್ದವು. ‘ಮೊತ್ತ’, ‘ಶುಲ್ಕ’, ‘ಒಟ್ಟು’ ಎಲ್ಲದರ ಕಥೆಯೂ ಅದೇ. ಸಾಲದ ಕಾಗದದಲ್ಲಿ ಮುಖ್ಯವಾದ ಪದಗಳೆಲ್ಲ ಒತ್ತಕ್ಷರದವು ಎಂಬುದನ್ನು ನಾನು ಗಮನಿಸಿದ್ದೇ ಆಗ. ಅಂಕಿಗಳು ಮಾತ್ರ ಚೊಕ್ಕಟವಾಗಿದ್ದವು. ಯಾವ ಅಂಕಿ ಯಾವುದರದು ಎಂಬುದಷ್ಟೇ ತಿಳಿಯುವಂತಿರಲಿಲ್ಲ.

ಫೋನ್ ಮಾಡಿ, ಅಂದಾಜಿನ ಮೇಲೆ ಓದಿ ಹೇಳಿದೆ. ರಾತ್ರಿ ನಿದ್ದೆ ಬರಲಿಲ್ಲ. ಏಕೆಂದರೆ ನಾನು ಪುಣೆಯಲ್ಲಿ ಮಾಡುವ ಕೆಲಸವೂ ಇದೇ: ಇಂಥ ಕಾಗದಗಳನ್ನು ಕೋಡ್ ಮೂಲಕ ತಯಾರಿಸುವುದು. ಆ ಕಾಗದ ನಮ್ಮ ಕಂಪನಿಯದಾಗಿರಲಿಲ್ಲ. ಆದರೆ ಮರುದಿನ ಆಫೀಸಿಗೆ ಹೋಗಿ ನಮ್ಮ ಸಿಸ್ಟಮ್ಮಿನಿಂದ ಒಂದು ಕನ್ನಡ ಪ್ರತಿ ತೆಗೆದು ನೋಡಿದೆ. ಅದೇ ಬಿಡಿ ಕೊಕ್ಕೆ, ಅದೇ ಅನಾಥ ಗುಡಿಸು. ಅದು ಹಲವು ತಿಂಗಳಿಂದ ಹಾಗೇ ಹೊರಗೆ ಹೋಗುತ್ತಿತ್ತು. ತಂಡದಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ನಾನು ಒಮ್ಮೆಯೂ ಅದನ್ನು ತೆರೆದು ನೋಡಿರಲಿಲ್ಲ.

ಕಾನೂನು ಹೇಳುವುದೇನು?

ಭಾರತೀಯ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಚಿಲ್ಲರೆ ಸಾಲಕ್ಕೂ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಅವಧಿ ಸಾಲಕ್ಕೂ ಮುಂಚಿತವಾಗಿ ಒಂದು ‘ಪ್ರಮುಖ ಅಂಶಗಳ ಪತ್ರ’ ಕೊಡಬೇಕು. ಬಡ್ಡಿ ಮತ್ತು ಶುಲ್ಕ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ದರ ಎಷ್ಟು, ಕಂತು ಎಷ್ಟು, ದೂರಿದ್ದರೆ ಯಾರಿಗೆ ಹೇಳಬೇಕು ಎಂಬುದೆಲ್ಲ ಅದರಲ್ಲಿ ಇರಬೇಕು. ಏಳು ದಿನ ಅಥವಾ ಹೆಚ್ಚಿನ ಅವಧಿಯ ಸಾಲವಾದರೆ ಪತ್ರದಲ್ಲಿರುವ ಷರತ್ತುಗಳನ್ನು ಒಪ್ಪಿಕೊಳ್ಳಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪತ್ರ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಸಾಲಗಳಿಗೆಲ್ಲ ಇದು ಅನ್ವಯ.

ಒಳ್ಳೆಯ ನಿಯಮ. ಆದರೆ ‘ಕನ್ನಡದಲ್ಲಿ ಕೊಟ್ಟಿದ್ದೇವೆ’ ಎಂದು ದಾಖಲಿಸಿಕೊಳ್ಳುವುದಕ್ಕೂ ಕನ್ನಡ ಬಲ್ಲವರು ಅದನ್ನು ಓದಬಲ್ಲರು ಎಂಬುದಕ್ಕೂ ನಡುವೆ ಒಂದು ಹಳ್ಳವಿದೆ. ಅನುವಾದಕರು ತಮ್ಮ ಕೆಲಸ ಸರಿಯಾಗಿಯೇ ಮಾಡಿರುತ್ತಾರೆ. ಡೇಟಾಬೇಸಿನಲ್ಲಿರುವ ಕನ್ನಡವೂ ಸರಿಯಾಗಿಯೇ ಇರುತ್ತದೆ. ತಪ್ಪು ನಡೆಯುವುದು ಕೊನೆಯ ಹೆಜ್ಜೆಯಲ್ಲಿ, ಕೋಡ್ ಆ ಪಠ್ಯವನ್ನು ಎತ್ತಿ ಪುಟದ ಮೇಲೆ ಇಡುವಾಗ. ಆ ಹೆಜ್ಜೆ ಬರೆಯುವವರು ನಮ್ಮಂಥವರು.

ಪುಟಕ್ಕೆ ಭಾಷೆ ಗೊತ್ತಿಲ್ಲ

ಪಿಡಿಎಫ್ ಎಂಬುದನ್ನು ಅಡೋಬಿ 1993ರಲ್ಲಿ ಹೊರತಂದಿತು. 2008ರಿಂದ ಅದು ಐಎಸ್ಒ ಮಾನದಂಡ. ಎಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಬೇಕು ಎಂಬುದು ಅದರ ಉದ್ದೇಶ. ಅದಕ್ಕಾಗಿ ಅದು ಪುಟವನ್ನು ಒಂದು ಚಿತ್ರಪಟದಂತೆ ನೋಡುತ್ತದೆ. ಅಂಗುಲಕ್ಕೆ 72 ಪಾಯಿಂಟ್ ಲೆಕ್ಕದಲ್ಲಿ ಎ4 ಹಾಳೆ ಎಂದರೆ ಸುಮಾರು 595 ಪಾಯಿಂಟ್ ಅಗಲ, 842 ಪಾಯಿಂಟ್ ಎತ್ತರ. ಎಡ ಕೆಳಮೂಲೆ ಸೊನ್ನೆ. ‘ಇಷ್ಟು ಬಲಕ್ಕೆ, ಇಷ್ಟು ಮೇಲಕ್ಕೆ ಹೋಗು, ಈ ಫಾಂಟಿನ ಇಷ್ಟನೇ ಆಕಾರವನ್ನು ಇಡು’ ಎಂಬ ಆಜ್ಞೆಗಳ ಸಾಲೇ ಪಿಡಿಎಫ್. ಅದರ ಮೂಲ ಆಜ್ಞೆಗಳಲ್ಲಿ ಪ್ಯಾರಾ ಎಂಬುದಿಲ್ಲ, ಸಾಲು ಮುಗಿಯಿತು ಎಂಬುದಿಲ್ಲ. ಉದ್ದದ ವಾಕ್ಯ ಕೊಟ್ಟರೆ ಅದು ಹಾಳೆಯ ಬಲ ಅಂಚು ದಾಟಿ ಹೋಗುತ್ತಲೇ ಇರುತ್ತದೆ.

ಪಠ್ಯ ಹರಿಯಬೇಕಾದರೆ ಆ ಕೆಲಸವನ್ನು ಕೋಡೇ ಮಾಡಬೇಕು. ಪ್ರತಿ ಪದದ ಅಗಲ ಅಳೆಯುವುದು, ಸಾಲು ತುಂಬಿದಾಗ ಕೆಳಗಿಳಿಯುವುದು, ಪುಟ ತುಂಬಿದಾಗ ಹೊಸ ಪುಟ ತೆರೆಯುವುದು, ಶೀರ್ಷಿಕೆಯನ್ನು ಪುಟದ ಕೊನೆಯಲ್ಲಿ ಒಂಟಿಯಾಗಿ ಬಿಡದಿರುವುದು. ಇದು ಸಣ್ಣ ಕೆಲಸವಲ್ಲ. ಪ್ಯಾರಾವನ್ನು ಸಾಲುಗಳಾಗಿ ಚೆನ್ನಾಗಿ ಮುರಿಯುವುದು ಹೇಗೆ ಎಂಬುದರ ಮೇಲೆ ಡೊನಾಲ್ಡ್ ಕ್ನೂತ್ ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ದೀರ್ಘ ಪ್ರಬಂಧವನ್ನೇ ಪ್ರಕಟಿಸಿದರು. ಇಂದು ನಾವು ಬಳಸುವ ಲೈಬ್ರರಿಗಳು ಇದನ್ನೆಲ್ಲ ಮುಚ್ಚಿಟ್ಟು ನಮಗೆ ‘ಪ್ಯಾರಾ’, ‘ಸ್ಟೈಲ್’, ‘ಚೌಕಟ್ಟು’ ಎಂಬ ಸುಲಭ ವಸ್ತುಗಳನ್ನು ಕೊಡುತ್ತವೆ. ಫಾಂಟ್ ಯಾವುದು, ಗಾತ್ರ ಎಷ್ಟು, ಸಾಲುಗಳ ನಡುವೆ ಅಂತರ ಎಷ್ಟು ಎಂದು ಹೇಳಿ ಪಠ್ಯ ಸುರಿದರೆ ಅದು ತಾನೇ ಹರಿದು ಪುಟಗಳನ್ನು ತುಂಬುತ್ತದೆ. ಇಂಗ್ಲಿಷಿಗೆ ಇಷ್ಟು ಸಾಕು. ಅದಕ್ಕೇ ಯಾರಿಗೂ ಒಳಗೆ ಇಣುಕುವ ಅಗತ್ಯ ಬೀಳುವುದಿಲ್ಲ. ನಾನು ಎಂ.ಟೆಕ್ ಮಾಡುವಾಗ ಕಂಪೈಲರ್ ಬರೆದಿದ್ದೆ; ಒಂದು ಅಕ್ಷರ ಪುಟದ ಮೇಲೆ ಹೇಗೆ ಬಂದು ಕೂರುತ್ತದೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಕನ್ನಡಕ್ಕೆ ಇಷ್ಟು ಸಾಲದು. ‘ಕರ್ನಾಟಕ’ ಎಂಬ ಪದ ಯೂನಿಕೋಡಿನಲ್ಲಿ ಏಳು ಸಂಕೇತಗಳು: ಕ, ರ, ಹಲಂತದ ಚಿಹ್ನೆ, ನ, ಆಕಾರದ ಚಿಹ್ನೆ, ಟ, ಕ. ಪುಟದ ಮೇಲೆ ಬರಬೇಕಾದದ್ದು ಬೇರೆ. ರ ಮಾಯವಾಗಿ ‘ನಾ’ ಆದ ಮೇಲೆ ಅರ್ಕಾವತ್ತಾಗಿ ಬರಬೇಕು. ನ ಮತ್ತು ಇಳಿ ಕೂಡಿ ಒಂದೇ ಆಕಾರವಾಗಬೇಕು. ಸಂಕೇತಗಳ ಸಾಲನ್ನು ಹೀಗೆ ಆಕಾರಗಳ ಸಾಲಾಗಿ ಬದಲಿಸುವ ಕೆಲಸಕ್ಕೆ ‘ಶೇಪಿಂಗ್’ ಎನ್ನುತ್ತಾರೆ. ಯಾವುದರ ಜೊತೆ ಯಾವುದು ಕೂಡಿದರೆ ಏನಾಗಬೇಕು ಎಂಬ ಪಟ್ಟಿ ಫಾಂಟಿನ ಒಳಗೇ ಇರುತ್ತದೆ. ಆದರೆ ಆ ಪಟ್ಟಿಯನ್ನು ಓದಿ ಜೋಡಿಸುವವರು ಬೇಕು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಇವೆಲ್ಲವುಗಳಲ್ಲಿ ಆ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ನೀವು ಈ ಅಂಕಣವನ್ನು ಫೋನಿನ ಪರದೆಯ ಮೇಲೆ ಸರಿಯಾಗಿ ಓದುತ್ತಿದ್ದರೆ ಅಂಥದೊಂದು ತಂತ್ರಾಂಶ ಎಲ್ಲೋ ತನ್ನ ಕೆಲಸ ಮಾಡಿದೆ ಎಂದರ್ಥ.

ನಮ್ಮ ಕೋಡ್ ಆ ಹೆಜ್ಜೆಯನ್ನೇ ಬಿಟ್ಟಿತ್ತು. ಸಂಕೇತಕ್ಕೆ ಒಂದು ಆಕಾರದಂತೆ ಏಳಕ್ಕೆ ಏಳು ಎತ್ತಿ ಸಾಲಾಗಿ ಇಟ್ಟಿತ್ತು. ಫಾಂಟ್ ಸರಿಯಾಗಿಯೇ ಇತ್ತು. ಆದ್ದರಿಂದ ಖಾಲಿ ಡಬ್ಬಿಗಳು ಕಾಣಲಿಲ್ಲ. ಕನ್ನಡ ಬಾರದವರ ಕಣ್ಣಿಗೆ ಅದು ಅಚ್ಚುಕಟ್ಟಾದ ಕನ್ನಡದಂತೆಯೇ ಕಂಡಿತು. ಹಿಂದೆ ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುವವರಿಗೆ ಕನ್ನಡ ಬರುತ್ತಿತ್ತು. ಒತ್ತು ಎಲ್ಲಿ ಕೂರಬೇಕು ಎಂದು ಅವರ ಕೈಗೆ ಗೊತ್ತಿತ್ತು. ಈಗ ಮೊಳೆ ಜೋಡಿಸುತ್ತಿರುವುದು ಕನ್ನಡ ಬಾರದ ಕೋಡು. ಅದನ್ನು ಬರೆದವರಿಗೂ ಬಹಳ ಸಲ ಕನ್ನಡ ಬಾರದು.

ಹರಿಯುವಾಗ ಆಗುವ ಪೆಟ್ಟು

ಶೇಪಿಂಗ್ ಹಾಕಿದ ಮೇಲೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ.

ಮೊದಲನೆಯದು ಸಾಲು ಮುರಿಯುವುದು. ಕನ್ನಡದಲ್ಲಿ ಪ್ರತ್ಯಯಗಳು ಒಂದರ ಬಾಲಕ್ಕೆ ಒಂದು ಸೇರಿಕೊಂಡು ‘ಕಟ್ಟಬೇಕಾಗಿರುವುದರಿಂದ’ ಎಂಬಂಥ ಪದಗಳಾಗುತ್ತವೆ. ಕಿರಿದಾದ ಟೇಬಲ್ ಕಾಲಮ್ಮಿನಲ್ಲಿ ಅವು ಹಿಡಿಸುವುದಿಲ್ಲ. ಹಿಡಿಸದಿದ್ದರೆ ನಮ್ಮ ಕೋಡ್ ಸಂಕೇತ ಎಣಿಸಿ ಎಲ್ಲಿ ಬೇಕಾದರಲ್ಲಿ ಕತ್ತರಿಸುತ್ತಿತ್ತು. ‘ಬೇ’ಯಲ್ಲಿ ಬ ಮೇಲಿನ ಸಾಲಿನ ಕೊನೆಗೆ, ಅದರ ಏತ್ವ ದೀರ್ಘ ಕೆಳಗಿನ ಸಾಲಿನ ಮೊದಲಿಗೆ, ಒಂದು ಚುಕ್ಕಿ ವೃತ್ತದ ಜೊತೆ. ಕತ್ತರಿಸುವುದಾದರೆ ಪೂರ್ಣ ಅಕ್ಷರದ ಗಡಿಯಲ್ಲೇ ಕತ್ತರಿಸಬೇಕು. ನಾವು ಒಂದನೇ ತರಗತಿಯಲ್ಲಿ ಕಲಿತ ಕಾಗುಣಿತದ ಅಕ್ಷರವೇ ಇಲ್ಲಿ ಲೆಕ್ಕ, ಕಂಪ್ಯೂಟರಿನ ‘ಕ್ಯಾರೆಕ್ಟರ್’ ಅಲ್ಲ.

ಎರಡನೆಯದು ಸಾಲುಗಳ ನಡುವಿನ ಅಂತರ. ಇಂಗ್ಲಿಷಿಗೆ ಅಕ್ಷರದ ಗಾತ್ರದ 1.2ರಷ್ಟು ಅಂತರ ಇಡುವುದು ವಾಡಿಕೆ. ಕನ್ನಡದಲ್ಲಿ ಒತ್ತುಗಳು ಕೆಳಗೆ ಇಳಿಯುತ್ತವೆ, ‘ಸ್ತ್ರೀ’ಯಲ್ಲಿ ಎರಡೆರಡು. ಅದೇ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂತರ ಹೆಚ್ಚಿಸಿದರೆ ಎರಡು ಪುಟದ ಪತ್ರ ಮೂರಕ್ಕೆ ಹೋಗುತ್ತದೆ. ‘ಎರಡರಲ್ಲೇ ಹಿಡಿಸಿ’ ಎಂಬ ಒತ್ತಡ ಬರುತ್ತದೆ. ಆಗ ಸುಲಭದ ದಾರಿ, ಅಕ್ಷರವನ್ನು ಏಳು ಪಾಯಿಂಟಿಗೆ ಇಳಿಸುವುದು. ಏಳು ಪಾಯಿಂಟಿನ ಇಂಗ್ಲಿಷನ್ನು ಕಷ್ಟಪಟ್ಟು ಓದಬಹುದು. ಏಳು ಪಾಯಿಂಟಿನ ಕನ್ನಡದಲ್ಲಿ ಒತ್ತು ಯಾವುದು, ಮಸಿಯ ಚುಕ್ಕೆ ಯಾವುದು ಎಂದು ತಿಳಿಯುವುದಿಲ್ಲ.

ಮೂರನೆಯದು ದಪ್ಪ, ಓರೆ ಅಕ್ಷರಗಳು. ದಪ್ಪ ಫಾಂಟ್ ಸಿಗದಿದ್ದರೆ ಕೆಲವು ಕೋಡ್‌ಗಳು ಇದ್ದ ಅಕ್ಷರದ ಅಂಚಿಗೇ ಮಸಿ ಬಳಿದು ದಪ್ಪ ಮಾಡುತ್ತವೆ. ಕನ್ನಡದಲ್ಲಿ ಸೊನ್ನೆಯ ಒಳಗಿನ ಜಾಗವೇ ಮುಚ್ಚಿಹೋಗುತ್ತದೆ. ಇಂಗ್ಲಿಷ್ ಪ್ರತಿಯಲ್ಲಿ ಟಿಪ್ಪಣಿ ಓರೆ ಅಕ್ಷರದಲ್ಲಿದೆ ಎಂದು ಕನ್ನಡವನ್ನೂ ಓರೆಯಾಗಿ ತಳ್ಳುತ್ತಾರೆ. ನಮ್ಮ ಲಿಪಿಗೆ ಆ ರೂಢಿಯೇ ಇಲ್ಲ. ಬಣ್ಣ ಬದಲಿಸಿದರೆ, ಒಂದು ಗೆರೆ ಎಳೆದರೆ ಸಾಕಾಗುತ್ತದೆ.

ನಾಲ್ಕನೆಯದು ಕಣ್ಣಿಗೆ ಕಾಣದ ಸಂಕೇತಗಳು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ್ ಮತ್ತು ವೇ ನಡುವೆ ಒಂದು ಅಗೋಚರ ಸಂಕೇತವಿದೆ. ‘ಇಲ್ಲಿ ಒತ್ತು ಮಾಡಬೇಡ’ ಎನ್ನುವುದು ಅದರ ಕೆಲಸ. ನಮ್ಮ ಕೋಡಿನಲ್ಲಿ ‘ಅನಗತ್ಯ ಅಗೋಚರ ಸಂಕೇತಗಳನ್ನು ಅಳಿಸು’ ಎಂಬ ಒಂದು ಶುಚಿಗೊಳಿಸುವ ಸಾಲಿತ್ತು. ಅದು ಇದನ್ನೂ ಅಳಿಸಿ ‘ಸಾಫ್ಟ್ವೇರ್’ ಮಾಡುತ್ತಿತ್ತು. ಹೆಸರಿನ ಜಾಗದಲ್ಲಿ ಇನ್ನೂ ತಮಾಷೆ. ಟೆಂಪ್ಲೇಟ್ ಬರೆದವರು ಹೆಸರಿನ ಮುಂದೆ ನೇರವಾಗಿ ‘ಗೆ’ ಅಂಟಿಸಿದ್ದರು. ರವಿಗೆ, ರಾಮುಗೆ ಸರಿ. ರಮೇಶ್ ಬಂದಾಗ ‘ರಮೇಶ್ಗೆ’ ಎಂದು ಗ ಒತ್ತಾಗಿ ಕೆಳಗಿಳಿಯುತ್ತಿತ್ತು. ಹೆಸರು ದಪ್ಪಕ್ಷರದಲ್ಲಿದ್ದ ಜಾಗದಲ್ಲಿ ಮಾತ್ರ ಸರಿಯಾಗಿ ಬರುತ್ತಿತ್ತು, ಏಕೆಂದರೆ ಫಾಂಟ್ ಬದಲಾದ ಕಡೆ ಎರಡು ತುಂಡುಗಳು ಕೂಡುವುದಿಲ್ಲ. ಒಂದೇ ಪತ್ರದಲ್ಲಿ ಒಬ್ಬರದೇ ಹೆಸರು ಎರಡು ಬಗೆ. ಕೊನೆಗೆ ‘ರಮೇಶ್ ಅವರಿಗೆ’ ಎಂದು ಬದಲಿಸಿದೆವು. ಮರ್ಯಾದೆ ಕೊಟ್ಟು ಬರೆದರೆ ಕೋಡೂ ಸರಿಹೋಯಿತು.

ಐದನೆಯದು, ಕಂಡರೂ ಓದಲಾಗದ ಪಠ್ಯ. ಪಿಡಿಎಫ್‌ನಲ್ಲಿ ಇರುವುದು ಆಕಾರಗಳು. ಯಾವ ಆಕಾರ ಯಾವ ಅಕ್ಷರದ್ದು ಎಂಬ ನಕ್ಷೆಯನ್ನೂ ಕೋಡ್ ಜೊತೆಗೆ ಬರೆದಿಡಬೇಕು. ಅದಿಲ್ಲದಿದ್ದರೆ ಪುಟ ನೋಡಲು ಚೆಂದ, ಆದರೆ ‘ಬಡ್ಡಿ’ ಎಂದು ಹುಡುಕಿದರೆ ಸಿಗುವುದಿಲ್ಲ. ದೃಷ್ಟಿ ಇಲ್ಲದವರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ತಯಾರಾದ ಪಿಡಿಎಫ್‌ಗಳದ್ದು ಇದೇ ಪಾಡು. ನಕಲು ಮಾಡಿ ಬೇರೆಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆ ತಂತ್ರಾಂಶಗಳು ತಮ್ಮ ಕಾಲದಲ್ಲಿ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದವು. ಆದರೆ ಯೂನಿಕೋಡ್ ಕೈಯಲ್ಲಿರುವಾಗ ಇವತ್ತು ಹೊಸ ಕಾಗದವನ್ನೂ ಹಾಗೆ ಮಾಡುವುದಕ್ಕೆ ಕಾರಣವಿಲ್ಲ.

ಟೆಸ್ಟಿಂಗ್ ಪಾಸಾಗಿತ್ತು

ಇಷ್ಟೆಲ್ಲ ತಪ್ಪು ಹೇಗೆ ದಾಟಿಹೋಯಿತು? ನಮ್ಮಲ್ಲಿ ಟೆಸ್ಟಿಂಗ್ ಇರಲಿಲ್ಲ ಎಂದಲ್ಲ, ಕಟ್ಟುನಿಟ್ಟಾಗಿಯೇ ಇತ್ತು. ಇವತ್ತಿನ ಪಿಡಿಎಫ್ ಅನ್ನು ಹಿಂದೆ ಒಪ್ಪಿಗೆಯಾದ ಪ್ರತಿಯ ಜೊತೆ ಚುಕ್ಕಿಗೆ ಚುಕ್ಕಿ ಹೋಲಿಸಿ, ವ್ಯತ್ಯಾಸವಿದ್ದರೆ ಕಂಪ್ಯೂಟರ್ ಕೂಗುತ್ತದೆ. ಆದರೆ ಕನ್ನಡದ ಆ ಮೊದಲ ಪ್ರತಿಯೇ ಮುರಿದಿತ್ತು. ಕನ್ನಡ ಬಾರದವರು ಅದನ್ನು ಒಪ್ಪಿದ್ದರು. ಅಲ್ಲಿಂದ ಮುಂದೆ ತಪ್ಪೇ ಮಾದರಿಯಾಯಿತು. ಸರಿಯಾದ ಕನ್ನಡ ಬಂದಿದ್ದರೆ ಟೆಸ್ಟ್ ಫೇಲಾಗುತ್ತಿತ್ತು!

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ಹಿಂದಿ, ಮರಾಠಿ ಪ್ರತಿಗಳಲ್ಲೂ ಶುರುವಿನಲ್ಲಿ ಇದೇ ದೋಷವಿತ್ತು. ದೇವನಾಗರಿಯಲ್ಲಿ ಹ್ರಸ್ವ ಇಕಾರದ ಚಿಹ್ನೆ ವ್ಯಂಜನದ ಎಡಕ್ಕೆ ಬರಬೇಕು. ನಮ್ಮ ಕೋಡ್ ಬಲಕ್ಕೆ ಇಟ್ಟಿತ್ತು. ಪುಣೆಯ ಆಫೀಸಿನಲ್ಲಿ ಅದು ಒಂದು ಗಂಟೆಯೂ ಬದುಕಲಿಲ್ಲ. ಪಕ್ಕದಲ್ಲಿ ಹಾದುಹೋದವರೂ ‘ಇದೇನಿದು’ ಎಂದರು. ಆ ಎರಡು ಭಾಷೆಗಳಿಗೆ ಅವತ್ತೇ ತೇಪೆ ಹಾಕಿ ಮುಂದೆ ಹೋದರು. ಕನ್ನಡಕ್ಕೂ ಅದೇ ಸಮಸ್ಯೆ ಇರಬಹುದೇ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವನು ನಾನು. ನಾನು ಅದೇ ಕೋಣೆಯಲ್ಲಿ ಕೂತಿದ್ದೆ.

ಏಕೆ ಕೇಳಲಿಲ್ಲ ಎಂದು ನನ್ನನ್ನೇ ವಿಚಾರಿಸಿಕೊಂಡಿದ್ದೇನೆ. ನನ್ನ ಭಾಗದ ಕೆಲಸ ಬೇರೆ ಇತ್ತು ಎಂಬುದು ಒಂದು ಉತ್ತರ. ಅದು ಪೂರ್ತಿ ನಿಜವಲ್ಲ. ಹೊರರಾಜ್ಯದಲ್ಲಿ ಕೆಲಸ ಮಾಡುವಾಗ ‘ನಮ್ಮ ಭಾಷೆ’ ಎಂದು ಬಾಯಿ ತೆರೆಯಲು ಒಂದು ಹಿಂಜರಿಕೆ ಇರುತ್ತದೆ. ಭಾಷೆಯ ಜಗಳ ತಂದ ಎಂದುಕೊಂಡಾರು ಎಂಬ ಅಳುಕು. ನವೆಂಬರಿನಲ್ಲಿ ಸಂಘದ ರಾಜ್ಯೋತ್ಸವಕ್ಕೆ ಹೋಗಿ ಚಪ್ಪಾಳೆ ತಟ್ಟಿ ಬರುತ್ತೇವೆ. ಸೋಮವಾರ ಆಫೀಸಿನಲ್ಲಿ ಕನ್ನಡದ ಕಡತ ಕಂಡರೆ ತೆರೆಯದೆ ಮುಂದೆ ಸರಿಸುತ್ತೇವೆ. ಎಲ್ಲರೂ ಹೀಗೆ ಎಂದು ನಾನು ಹೇಳಲಾರೆ. ನಾನು ಹೀಗಿದ್ದೆ.

ಕೇಳಿಬರುವ ವಾದಗಳು

ವಿಷಯ ಎತ್ತಿದಾಗ ಬಂದ ಮೊದಲ ಮಾತು: ‘ಇಷ್ಟು ದಿನ ಯಾರೂ ದೂರು ಕೊಟ್ಟಿಲ್ಲವಲ್ಲ?’ ದೂರು ಹೇಗೆ ಬರುತ್ತದೆ? ಓದಲಾಗದವರು ಕಾಗದದ ಮೇಲೆ ಅನುಮಾನ ಪಡುವುದಿಲ್ಲ, ತಮ್ಮ ಕಣ್ಣಿನ ಮೇಲೆ, ತಮ್ಮ ಓದಿನ ಮೇಲೆ ಪಡುತ್ತಾರೆ. ಚಿಗವ್ವ ಮಾಡಿದ್ದು ಅದನ್ನೇ. ಸಾಲ ಬೇಕಾಗಿದ್ದರೆ ಎಲ್ಲಿ ಹೇಳುತ್ತಾರೋ ಅಲ್ಲಿ ಸಹಿ ಹಾಕಿ ಬರುತ್ತಾರೆ.

ಎರಡನೆಯ ಮಾತು: ‘ಕನ್ನಡ ಪಠ್ಯವನ್ನು ಚಿತ್ರ ಮಾಡಿ ಅಂಟಿಸಿಬಿಡಿ.’ ನೋಡಲು ಸರಿಯಾಗುತ್ತದೆ. ಆದರೆ ಹುಡುಕಲು ಬರುವುದಿಲ್ಲ, ದೊಡ್ಡದು ಮಾಡಿದರೆ ಮಸುಕಾಗುತ್ತದೆ, ಸ್ಕ್ರೀನ್ ರೀಡರ್ ಮೂಕವಾಗುತ್ತದೆ. ಹೆಸರು, ಮೊತ್ತ ಪ್ರತಿ ಪತ್ರಕ್ಕೂ ಬದಲಾಗುವಾಗ ಪಠ್ಯ ಹರಿಯುವುದೂ ಇಲ್ಲ.

ಮೂರನೆಯದು ಖರ್ಚು. ಇದು ನ್ಯಾಯವಾದ ಪ್ರಶ್ನೆ. ಶೇಪಿಂಗ್ ಮಾಡುವ ಲೈಬ್ರರಿಗೆ ಬದಲಾಗಬೇಕಾದರೆ ಕೆಲವು ವಾರಗಳ ಕೆಲಸವಿದೆ, ಪ್ರತಿ ಪತ್ರ ತಯಾರಿಸಲು ತುಸು ಹೆಚ್ಚು ಸಮಯ ಹಿಡಿಯುತ್ತದೆ. ಆದರೆ ದಾರಿಗಳು ಇವೆ, ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಪೈಥಾನಿನ ಎಫ್‌ಪಿಡಿಎಫ್2ರಲ್ಲಿ ಶೇಪಿಂಗ್ ಒಂದು ಸಾಲಿನ ಸ್ವಿಚ್. ಒಳಗೆ ದುಡಿಯುವುದು ಹಾರ್ಫ್‌ಬಜ್. ಐಟೆಕ್ಸ್ಟ್ ಬಳಸುವವರಿಗೆ ಪಿಡಿಎಫ್‌ಕ್ಯಾಲಿಗ್ರಾಫ್ ಎಂಬ ಪ್ರತ್ಯೇಕ ಘಟಕವಿದೆ. ಪತ್ರವನ್ನು ಎಚ್‌ಟಿಎಂಎಲ್‌ನಲ್ಲಿ ಬರೆದು, ಪರದೆಯಿಲ್ಲದೆ ಓಡುವ ಕ್ರೋಮ್ ಅಥವಾ ವೀಸಿಪ್ರಿಂಟ್ ಮೂಲಕ ಪಿಡಿಎಫ್ ಮಾಡಿದರೆ ಬ್ರೌಸರಿನಲ್ಲಿ ಕಂಡ ಕನ್ನಡವೇ ಕಾಗದದ ಮೇಲೂ ಬರುತ್ತದೆ. ನಾವು ಕೊನೆಗೆ ಆರಿಸಿಕೊಂಡದ್ದು ಈ ದಾರಿಯನ್ನೇ. ಫಾಂಟಿಗೂ ಬರವಿಲ್ಲ, ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ ಉಚಿತ, ದಪ್ಪ ಅಕ್ಷರಗಳೂ ಅದರಲ್ಲೇ ಇವೆ.

ಏನು ಮಾಡಬೇಕು?

ಸಾಲ ಕೊಡುವ ಸಂಸ್ಥೆಗಳು, ವಿಮಾ ಕಂಪನಿಗಳು, ಸರ್ಕಾರಿ ಇಲಾಖೆಗಳು ತಂತ್ರಾಂಶ ಕೊಳ್ಳುವಾಗ ಒಪ್ಪಂದದಲ್ಲಿ ಒಂದು ಸಾಲು ಸೇರಿಸಲಿ: ಪ್ರತಿ ಭಾಷೆಯ ಮಾದರಿ ಪತ್ರವನ್ನು ಆ ಭಾಷೆ ಓದಬಲ್ಲ ಒಬ್ಬರು ಪೂರ್ತಿ ಓದಿ ಸಹಿ ಮಾಡಿದ ಮೇಲೆಯೇ ಅದು ಜನರಿಗೆ ಹೋಗತಕ್ಕದ್ದು. ಕರ್ನಾಟಕ ಸರ್ಕಾರ ತನ್ನ ಟೆಂಡರುಗಳಲ್ಲಿ ಇದನ್ನು ಮೊದಲು ಮಾಡಿ ತೋರಿಸಬಹುದು. ಪಠ್ಯವನ್ನು ನಕಲು ಮಾಡಿ ಅಂಟಿಸಿದರೆ ಅದೇ ಕನ್ನಡ ಬರಬೇಕು ಎಂಬುದನ್ನೂ ಸೇರಿಸಬಹುದು. ‘ಅರ್ಥವಾಗುವ ಭಾಷೆಯಲ್ಲಿ’ ಎಂದು ಬರೆದ ರಿಸರ್ವ್ ಬ್ಯಾಂಕ್, ತಪಾಸಣೆಯ ವೇಳೆ ಪತ್ರ ಇದೆಯೇ ಎಂಬುದರ ಜೊತೆಗೆ ಅದು ಓದಲು ಬರುತ್ತದೆಯೇ ಎಂದೂ ನೋಡಬೇಕು.

ಆದರೆ ನಿಯಮ ಬರುವವರೆಗೆ ಕಾಯಬೇಕಿಲ್ಲ. ಈ ಅಂಕಣ ಓದುವ ನೀವು ಚೆನ್ನೈ, ಹೈದರಾಬಾದ್, ಮುಂಬಯಿ, ಗುರುಗ್ರಾಮದ ಆಫೀಸುಗಳಲ್ಲಿ ಇದ್ದೀರಿ. ಕರ್ನಾಟಕದ ಜನರ ಕೈಗೆ ಹೋಗುವ ರಸೀದಿ, ಪಾಲಿಸಿ, ಪರೀಕ್ಷೆಯ ಪ್ರವೇಶಪತ್ರ, ಆಸ್ಪತ್ರೆಯ ಬಿಡುಗಡೆ ಚೀಟಿ ತಯಾರಿಸುವ ಕೋಡ್ ಈ ಊರುಗಳಲ್ಲೂ ಬರೆಯಲ್ಪಡುತ್ತದೆ. ನಿಮ್ಮ ಕೋಣೆಯಲ್ಲಿ ಕನ್ನಡ ಓದಬಲ್ಲವರು ನೀವೊಬ್ಬರೇ ಇರಬಹುದು. ಹಾಗಿದ್ದರೆ ಆ ಕಾಗದ ಹಳ್ಳಿ ತಲುಪುವ ಮುಂಚೆ ಅದನ್ನು ಓದಬಲ್ಲ ಕೊನೆಯ ವ್ಯಕ್ತಿಯೂ ನೀವೇ.

ಕೆಲಸ ದೊಡ್ಡದಲ್ಲ. ನಾನು ಈಗ ಎಂಟು ಪದಗಳ ಒಂದು ಪಟ್ಟಿ ಇಟ್ಟುಕೊಂಡಿದ್ದೇನೆ. ಅರ್ಕಾವತ್ತಿಗೆ ‘ಕರ್ನಾಟಕ’. ಎರಡು ಒತ್ತಿಗೆ ‘ಸ್ತ್ರೀ’ ಮತ್ತು ‘ಲಕ್ಷ್ಮಿ’. ವಟ್ರಸುಳಿಗೆ ‘ಕೃಷ್ಣ’. ‘ಜ್ಞಾನೇಶ್ವರಿ’ಯಲ್ಲಿ ಜ್ಞ, ಏತ್ವ, ಒತ್ತು ಎಲ್ಲವೂ ಇವೆ. ಒತ್ತು ಆಗಬಾರದ್ದಕ್ಕೆ ‘ಸಾಫ್ಟ್‌ವೇರ್’. ರ ಪೂರ್ತಿ ಉಳಿದು ಯ ಒತ್ತಾಗಬೇಕಾದ್ದಕ್ಕೆ ‘ರ‍್ಯಾಂಕ್’. ಕೊನೆಗೆ ಚಿಗವ್ವನ ‘ಬಡ್ಡಿ’. ಈ ಎಂಟನ್ನು ನಿಮ್ಮ ಸಿಸ್ಟಮ್ಮಿಗೆ ಕೊಟ್ಟು ಪಿಡಿಎಫ್ ತೆಗೆಯಿರಿ. ದಪ್ಪದಲ್ಲೊಮ್ಮೆ, ಕಿರಿದಾದ ಕಾಲಮ್ಮಿನಲ್ಲೊಮ್ಮೆ. ನಕಲು ಮಾಡಿ ಅಂಟಿಸಿ ನೋಡಿ. ತಪ್ಪಿದ್ದರೆ ಬಗ್ ಎಂದು ದಾಖಲಿಸಿ. ಭಾವನೆಯ ಮಾತು ಬೇಡ, ಕನ್ನಡಾಭಿಮಾನದ ಭಾಷಣ ಬೇಡ. ‘ಗ್ರಾಹಕರು ಬಡ್ಡಿದರ ಓದಲಾಗುತ್ತಿಲ್ಲ’ ಎಂದು ಬರೆದರೆ ಸಾಕು. ಯಾವ ಮ್ಯಾನೇಜರೂ ಅದನ್ನು ಸಣ್ಣ ವಿಷಯ ಎನ್ನಲಾರ. ನಾನು ಹಾಗೆ ಬರೆದ ಮೇಲೆ ನಮ್ಮ ಹೈದರಾಬಾದ್ ತಂಡದ ಒಬ್ಬರು ತೆಲುಗು ಪ್ರತಿ ತೆರೆದು ನೋಡಿದರು. ಅಲ್ಲೂ ಅದೇ ಸ್ಥಿತಿ. ಎರಡೂ ಒಟ್ಟಿಗೆ ಸರಿಹೋದವು.

ಸಂಕ್ರಾಂತಿಗೆ ಊರಿಗೆ ಹೋದಾಗ ನಮ್ಮ ಹೊಸ ಮಾದರಿ ಪತ್ರವೊಂದನ್ನು ಚಿಗವ್ವನ ಕೈಗೆ ಕೊಟ್ಟೆ. ಕನ್ನಡಕವಿಲ್ಲದೆಯೇ ಮೊದಲಿನಿಂದ ಕೊನೆಯವರೆಗೆ ಓದಿದಳು. ನಿನ್ನ ಕಣ್ಣು ಸರಿ ಇದೆ, ಅವತ್ತು ತಪ್ಪಿದ್ದದ್ದು ಕಾಗದ ಎಂದೆ. ‘ಹಂಗಾರ ಬರದವ್ರಿಗೆ ಕಣ್ಣ ತೋರಿಸ್ಕೊಳ್ಳಾಕ ಹೇಳು’ ಎಂದು ನಕ್ಕಳು. ಅವಳ ಎಮ್ಮೆಸಾಲದ ಕಾಗದ ಮಾತ್ರ ಇನ್ನೂ ಹಾಗೇ ಟ್ರಂಕಿನಲ್ಲಿದೆ, ಕೆಳಗೆ ಅವಳ ಸಹಿಯೊಂದಿಗೆ. ಅದನ್ನು ತಯಾರಿಸಿದ ತಂಡದಲ್ಲೂ ಕನ್ನಡದವರು ಒಬ್ಬರಾದರೂ ಇದ್ದಿರಬಹುದು. ಅವರು ಈ ಅಂಕಣ ಓದುತ್ತಿದ್ದರೆ, ನಾಳೆ ಬೆಳಿಗ್ಗೆ ಆಫೀಸಿಗೆ ಹೋದ ಕೂಡಲೇ ಕನ್ನಡದ ಪ್ರತಿಯನ್ನು ಒಮ್ಮೆ ತೆರೆಯಲಿ ಎಂಬುದಷ್ಟೇ ನನ್ನ ಕೋರಿಕೆ.